ಎರಡು ಗ್ರಾಂ ತೇವ

"ಕೂಲಿಂಗ್ ಬರ್ತಿಲ್ವಾ?" ಎಂದು ತಲೆ ಎತ್ತದೆಯೇ ಕೇಳಿದ ಫ್ರಿಜ್ ರಿಪೇರಿಯವನು.

"ಹುಳ ಹಿಡಿದಿದೆ," ಎಂದಳು ಅವಳು.

"ಫ್ರಿಜ್ಜಿಗಾ?"

"ಹಿಡಿಗೆ."

"ಫ್ರಿಜ್ಜಿನ ಹಿಡಿ ಪ್ಲಾಸ್ಟಿಕ್ಕು ಮೇಡಂ. ಹುಳಕ್ಕೂ ಒಂದು ಮರ್ಯಾದೆ ಇರುತ್ತೆ, ಅದನ್ನ ತಿನ್ನಲ್ಲ."

ಅವಳಿಗೆ ನಗು ಬಂತು. ಎಷ್ಟು ದಿನದ ಮೇಲೆ ಬಂದ ನಗುವೋ ಏನೋ, ಅಭ್ಯಾಸ ತಪ್ಪಿ ಅರ್ಧಕ್ಕೇ ಕೆಮ್ಮಾಯಿತು. ಆಗ ಅವನು ತಲೆ ಎತ್ತಿದ. ನಲವತ್ತೈದು ದಾಟಿದ ಮುಖ, ಹಣೆಯ ಮೇಲೆ ಗ್ರೀಸಿನ ಗೆರೆ. ಅವಳ ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಗೇಣುದ್ದದ ಪೊಟ್ಟಣವಿತ್ತು.

ಬಿಚ್ಚಿದಾಗ ಮರದ ಪುಡಿ ಅವನ ಮೇಜಿನ ಮೇಲೆಲ್ಲ ಉದುರಿತು. ಅವಳ ಅಪ್ಪ ನಲವತ್ತು ವರ್ಷ ತಿರುಗಿಸಿದ ಬುಕ್ ಬೈಂಡಿಂಗ್ ಪ್ರೆಸ್ಸಿನ ಹಿಡಿ ಅದು. ಅಪ್ಪ ಹೋಗಿ ಒಂದೂವರೆ ವರ್ಷವಾಗಿತ್ತು. ಅಂಗಡಿ, ಪ್ರೆಸ್ಸು, ಅಂಟಿನ ಡಬ್ಬಿಗಳು ಎಲ್ಲ ಅವಳ ಪಾಲಿಗೆ ಬಂದಿದ್ದವು; ಹಿಡಿಯೊಳಗೆ ಬಿಡಾರ ಹೂಡಿದ್ದ ಹುಳವೂ ಜೊತೆಗೆ ಬಂದಿತ್ತು. ಬಡಗಿಯೊಬ್ಬ ಹೆಬ್ಬೆರಳಿನಿಂದ ಒತ್ತಿ ನೋಡಿ, ಇದು ಒಲೆಗೇ ಸರಿ ಎಂದಿದ್ದ. ಆಮೇಲೆ ಅವಳ ಮುಖ ನೋಡಿ ಪಾಪ ಅನ್ನಿಸಿರಬೇಕು, ಮೂಲೆ ಅಂಗಡಿಯ ಫ್ರಿಜ್ಜಿನವನಿಗೆ ಟೊಳ್ಳು ಮರದ ಹುಚ್ಚಿದೆ, ಕೇಳಿ ನೋಡಿ ಎಂದು ಸೇರಿಸಿದ್ದ.

"ಇದು ಗಟ್ಟಿ ಆಗುತ್ತಾ?"

"ಯಾಕಾಗಲ್ಲ? ಒಳಗಿರೋ ಗಾಳಿ ಹೊರಗೆಳೆದು, ಆ ಜಾಗಕ್ಕೆ ರೆಸಿನ್ ಅನ್ನೋ ತೆಳು ಅಂಟು ಕುಡಿಸಬೇಕು. ಆಮೇಲೆ ಹದವಾಗಿ ಬಿಸಿ ಮಾಡಿದ್ರೆ ಕಲ್ಲು."

"ಅದಕ್ಕೆ ದೊಡ್ಡ ಮಷಿನ್ ಬೇಕಲ್ವಾ?"

"ದೊಡ್ಡದು ದೊಡ್ಡವರಿಗೆ. ನಮ್ಮದು ಇಲ್ಲಿದೆ ನೋಡಿ."

ಅವನು ಬಟ್ಟೆ ಸರಿಸಿ ತೋರಿಸಿದ. ಸತ್ತ ಫ್ರಿಜ್ಜೊಂದರ ಕಂಪ್ರೆಸರ್. ಅದರ ಗಾಳಿ ಎಳೆಯುವ ಬಾಯಿಗೆ ಸಿಕ್ಕಿಸಿದ ಟ್ಯೂಬು. ಟ್ಯೂಬಿನ ತುದಿಯಲ್ಲಿ ಹಿಡಿ ಮುರಿದ ಪ್ರೆಷರ್ ಕುಕ್ಕರ್. ಕುಕ್ಕರಿನ ಮೇಲೆ ಅದರ ಮುಚ್ಚಳವಿರಲಿಲ್ಲ. ಯಾವುದೋ ಅಂಗಡಿಯ ಬೋರ್ಡಿನಿಂದ ಕತ್ತರಿಸಿದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಕೂತಿತ್ತು, ಅದರ ಕೆಳಗೆ ಲಾರಿ ಟ್ಯೂಬಿನ ರಬ್ಬರು. ರೆಸಿನ್ ಪಂಪಿಗೆ ನುಗ್ಗದಿರಲಿ ಎಂದು ನಡುವೆ ಒಂದು ಜಾಮ್ ಬಾಟಲಿಯ ಕಾವಲು. ಎಲ್ಲ ಗುಜರಿಯ ಮಾಲು, ಆದರೆ ಒಂದೊಂದು ಕೀಲೂ ಮದುವೆ ಮನೆಯ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು.

"ಒಂದೇ ಒಂದು ಷರತ್ತು," ಎಂದ. "ಮರ ಪೂರ್ತಿ ಒಣಗಿರಬೇಕು. ಒಳಗೆ ನೀರು ಉಳಿದ್ರೆ, ಬಿಸಿ ಮಾಡಿದಾಗ ಅದು ಕುದ್ದು ಮರ ಸೀಳಿಹೋಗುತ್ತೆ. ಇದು ಒಂದೇ ಇರೋದಾ?"

"ಒಂದೇ."

ಅವನು ಒಳಗಿನಿಂದ ಒಂದು ಮರದ ಪೆಟ್ಟಿಗೆ ತಂದ. ಒಳಗೆ ಹಳೇ ಕಾಲದ ಬಿಸಿ ಬಲ್ಬು, ಮೇಲೆ ತಂತಿಯ ಜಾಲರಿ. "ಮನೆಗೆ ತಗೊಂಡೋಗಿ. ಹಗಲು ರಾತ್ರಿ ಉರೀಲಿ. ದಿನಾ ಸಂಜೆ ಹಿಡಿ ತನ್ನಿ, ತೂಗೋಣ. ಮೂರು ದಿನ ಒಂದೇ ತೂಕ ಬಂತು ಅಂದ್ರೆ ಒಣಗಿತು ಅಂತ ಲೆಕ್ಕ."

ಹೀಗೆ ಅವಳ ಸಂಜೆಗಳಿಗೆ ಒಂದು ಕೆಲಸ ಬಂತು.

ಸಂಜೆಗಳೇ ಅವಳಿಗೆ ಕಷ್ಟವಾಗಿದ್ದವು. ಹಗಲಿನಲ್ಲಿ ಹೊಲಿಗೆ ಬಿಚ್ಚುವುದು, ಬೆನ್ನಿಗೆ ಬಟ್ಟೆ ಅಂಟಿಸುವುದು, ಹೇಗೋ ಹೊತ್ತು ಹೋಗುತ್ತಿತ್ತು. ಆರು ಗಂಟೆಗೆ ಬಾಗಿಲೆಳೆದು ಮೇಲಿನ ಕೋಣೆಗೆ ಹೋದರೆ ಗೋಡೆಗಳು ಮಾತ್ರ. ಕೆಲವು ದಿನ ಬೆಳಗಿನಿಂದ ಒಂದು ಮಾತನ್ನೂ ಆಡಿರುತ್ತಿರಲಿಲ್ಲ. ಯಾರಾದರೂ ಫೋನ್ ಮಾಡಿದರೆ ಮೊದಲ ಹಲೋ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ವಯಸ್ಸು ನಲವತ್ತೊಂದು. ಅಪ್ಪನನ್ನು ನೋಡಿಕೊಳ್ಳುವ ನೆಪದಲ್ಲಿ ಬಂದ ಸಂಬಂಧಗಳನ್ನೆಲ್ಲ ಅವಳೇ ವಾಪಸ್ ಕಳಿಸಿದ್ದಳು. ಅಪ್ಪ ಹೋದ ಮೇಲೆ ಸಂಬಂಧ ತರುವವರೂ ಇರಲಿಲ್ಲ, ನೆಪವೂ ಇರಲಿಲ್ಲ.

ಅವನ ತೂಕದ ಯಂತ್ರ ಯಾವುದೋ ಕೊರಿಯರ್ ಆಫೀಸಿನವರು ಬಿಸಾಡಿದ್ದು. ಮುಳ್ಳು ಕೂತಲ್ಲಿ ಕೂರದೆ ಸಣ್ಣಗೆ ನಡುಗುತ್ತಿತ್ತು. ಹೋದ ವರ್ಷ ಅವನ ಎಡಗಣ್ಣಿಗೆ ಆಪರೇಷನ್ ಆಗಿತ್ತು. ಅದನ್ನು ಮುಚ್ಚಿ, ಬಲಗಣ್ಣನ್ನು ಮುಳ್ಳಿನ ತೀರಾ ಹತ್ತಿರಕ್ಕೆ ತಂದು, ಉಸಿರು ಬಿಗಿಹಿಡಿದು ಓದುತ್ತಿದ್ದ. ಎದುರಿಗೆ ಬಗ್ಗಿ ನಿಂತ ಅವಳಿಗೆ ಆ ಕಣ್ಣಿನ ರೆಪ್ಪೆಗೂದಲು ಎಣಿಸುವಷ್ಟು ಹತ್ತಿರ ಕಾಣುತ್ತಿತ್ತು. ಒಂದು ಸಂಜೆ ಆ ಕಣ್ಣು ಮುಳ್ಳನ್ನು ಬಿಟ್ಟು ಥಟ್ಟನೆ ಅವಳತ್ತ ತಿರುಗಿತು.

"ಏನು ನೋಡ್ತಿದೀರಾ?"

"ತೂಕ."

"ತೂಕ ಈ ಕಡೆ ಇದೆ ಮೇಡಂ."

ಅವಳ ಕಿವಿ ಬಿಸಿಯಾಯಿತು. ಅವನು ಏನೂ ಆಗದವನಂತೆ ಚೀಟಿಯಲ್ಲಿ ಇನ್ನೂರ ಹನ್ನೆರಡು ಎಂದು ಬರೆದ. ಬರೆಯುವಾಗ ತುಟಿಯ ತುದಿ ಮಾತ್ರ ಮೇಲೇರಿತ್ತು.

ತೂಗುವುದು ಒಂದು ನಿಮಿಷದ ಕೆಲಸ. ಅವಳು ಮುಕ್ಕಾಲು ಗಂಟೆ ಕೂರತೊಡಗಿದಳು. ಅವನು ಕಂಪ್ರೆಸರ್ ಹಾಕಿ ಆರಿಸಿ ಮಾಡುತ್ತ, ಕುಕ್ಕರಿನ ರಬ್ಬರಿಗೆ ಸೋಪು ನೀರು ಹಚ್ಚಿ ಲೀಕು ಹುಡುಕುತ್ತ ಮಾತಾಡುತ್ತಿದ್ದ. ಹೆಂಡತಿ ಮದುವೆಯಾಗಿ ಮೂರನೇ ವರ್ಷಕ್ಕೆ ಕಾಯಿಲೆಯಲ್ಲಿ ಹೋದದ್ದನ್ನು ಹೇಳಿದ. ಬೇರೆ ಊರಲ್ಲಿರುವ ಅಣ್ಣ ವಾರಕ್ಕೊಂದು ಸಲ ಫೋನ್ ಮಾಡಿ, ಒಬ್ಬನೇ ಏನು ಮಾಡ್ತೀಯ, ಬಂದು ನನ್ನ ಗೋಡೌನು ನೋಡ್ಕೋ ಎಂದು ಕರೆಯುವುದನ್ನು ಹೇಳಿದ. "ಕೈ ಕಣ್ಣು ನೆಟ್ಟಗಿರೋವರೆಗೂ ನಾನೆಲ್ಲಿಗೂ ಬರಲ್ಲ ಅಂದಿದೀನಿ," ಎಂದು ನಕ್ಕ.

ಇನ್ನೂರ ಎಂಟಕ್ಕೆ ತೂಕ ನಿಂತಿತು. ಮರುದಿನವೂ ಇನ್ನೂರ ಎಂಟು. "ನಾಳೆಯೂ ಇಷ್ಟೇ ಬಂದ್ರೆ ನಿಮಗೆ ಬಿಡುಗಡೆ," ಎಂದ ಅವನು.

ಆ ಮಾತು ಅವಳನ್ನು ರಾತ್ರಿಯಿಡೀ ಕೊರೆಯಿತು. ಬೆಳಿಗ್ಗೆ ಟೀಗೆ ನೀರಿಟ್ಟಿದ್ದಳು. ಕೆಟಲ್ಲಿನ ಮೂತಿಯಿಂದ ಹಬೆ ಬರುತ್ತಿತ್ತು. ಪೆಟ್ಟಿಗೆಯಿಂದ ಹಿಡಿ ತೆಗೆದು ಹಬೆಗೆ ಒಡ್ಡಿದಳು. ಕಳ್ಳತನಕ್ಕೆ ಅಷ್ಟೇ ಸಾಕಾಯಿತು. ಮೆಟ್ಟಿಲು ಗುಡಿಸಲು ಬಂದ ಮನೆ ಓನರ್ ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, "ಏನಮ್ಮಾ, ಮರಕ್ಕೂ ಟೀ ಕುಡಿಸ್ತೀಯಾ?" ಎಂದರು.

ಆ ಸಂಜೆ ಇನ್ನೂರ ಹತ್ತು ಬಂತು. ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. "ಇದೇನು ವಿಚಿತ್ರ," ಎಂದ. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು.

ಆಮೇಲಿನ ಹತ್ತು ದಿನ ಮರ ಒಮ್ಮೆ ಇಳಿಯಿತು, ಒಮ್ಮೆ ಏರಿತು. ಅವಳಿಗೆ ಅಂಥ ಸುಖದ ದಿನಗಳು ಈಚೆಗೆ ಬಂದಿರಲಿಲ್ಲ. ಬಲ್ಬಿನ ಬೆಳಕಿದ್ದುದರಿಂದ ಕೋಣೆಯೂ ಅಷ್ಟು ಖಾಲಿ ಎನ್ನಿಸುತ್ತಿರಲಿಲ್ಲ. ಆದರೆ ಅವನ ಮಾತು ಕಡಿಮೆಯಾಗುತ್ತ ಬಂದದ್ದು ಅವಳಿಗೆ ಕಾಣದೆ ಇರಲಿಲ್ಲ. ಒಂದು ದಿನ ತೂಕದ ಯಂತ್ರವನ್ನು ಪೂರ್ತಿ ಬಿಚ್ಚಿ, ಸ್ಪ್ರಿಂಗು ಒರೆಸಿ, ಮತ್ತೆ ಜೋಡಿಸಿದ್ದ. ಇನ್ನೊಂದು ದಿನ ಒಂದು ಕಬ್ಬಿಣದ ತುಂಡನ್ನು ಐದು ಸಲ ತೂಗುತ್ತ ಕೂತಿದ್ದ, ಒಮ್ಮೆ ಎಡಗಣ್ಣು ಮುಚ್ಚಿ, ಒಮ್ಮೆ ಬಲಗಣ್ಣು ಮುಚ್ಚಿ. ಕೆಲಸದಲ್ಲಿ ಮಗ್ನನಾಗಿದ್ದಾನೆ ಎಂದುಕೊಂಡಳು. ಸುಖದಲ್ಲಿರುವವರಿಗೆ ಬೇರೆಯವರ ಸಂಕಟ ಹಾಗೇ ಕಾಣುವುದು.

ಹನ್ನೊಂದನೆಯ ಸಂಜೆ ಅವನು ತೂಗಲೇ ಇಲ್ಲ.

"ಹಿಡಿ ಇಲ್ಲೇ ಬಿಟ್ಟು ಹೋಗಿ. ನಾಳೆ ಬೆಳಿಗ್ಗೆ ಕುಕ್ಕರಿಗೆ ಹಾಕಿಬಿಡ್ತೀನಿ. ಇದೊಂದು ಮುಗಿಸಿ ಅಂಗಡಿ ಖಾಲಿ ಮಾಡ್ತೀನಿ. ಅಣ್ಣನಿಗೆ ಬರ್ತೀನಿ ಅಂತ ಹೇಳಿದೀನಿ."

"ತೂಕ ನಿಂತಿಲ್ವಲ್ಲ?"

"ಮರದ ತೂಕ ಯಾವತ್ತೋ ನಿಂತಿದೆ ಮೇಡಂ. ನಿಲ್ಲದೇ ಇರೋದು ನನ್ನ ಕಣ್ಣು." ಅವನು ನಗಲು ನೋಡಿದ. "ಎರಡು ಗ್ರಾಂ ಹಿಂದೆ ಮುಂದೆ ಓದೋ ರಿಪೇರಿಯವನ ಕೈಗೆ ಯಾರು ಫ್ರಿಜ್ಜಿಗೆ ಗ್ಯಾಸ್ ತುಂಬೋ ಕೆಲಸ ಕೊಡ್ತಾರೆ? ಗೋಡೌನಲ್ಲಿ ಮೂಟೆ ಎಣಿಸೋದೇ ವಾಸಿ."

ಅವಳು ಹಿಡಿಯನ್ನು ಮೇಜಿನ ಮೇಲಿಟ್ಟಳು. ಹಬೆಯ ವಿಷಯ ಹೇಳಿದರೆ ತನ್ನ ಮಾನ ಹೋಗುತ್ತದೆ, ಹೇಳದಿದ್ದರೆ ಅವನು ಹೋಗುತ್ತಾನೆ. ಹೀಗೆ ಲೆಕ್ಕ ಹಾಕುತ್ತಲೇ ಮನೆಗೆ ನಡೆದಳು, ಮತ್ತು ಖಾಲಿ ಪೆಟ್ಟಿಗೆಯಲ್ಲಿ ಉರಿಯುತ್ತಿದ್ದ ಬಲ್ಬನ್ನು ಆರಿಸಿದಳು. ಯಾರನ್ನು ಹತ್ತಿರ ಇಟ್ಟುಕೊಳ್ಳಲು ಕಳ್ಳಾಟ ಆಡಿದಳೋ ಅವನನ್ನೇ ಊರು ಬಿಡಿಸಿದ್ದಳು. ಆ ರಾತ್ರಿ ಅಪ್ಪನಿಗಾಗಿ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ಮಾರನೆಯ ದಿನ ತನ್ನ ಅಂಗಡಿಗೆ ಬೀಗ ಹಾಕಿ ಅವನಲ್ಲಿಗೆ ಹೋದಾಗ ಮಧ್ಯಾಹ್ನವಾಗಿತ್ತು. ಕಂಪ್ರೆಸರ್ ಗುಂಯ್‌ಗುಡುತ್ತಿತ್ತು. ಹಿಡಿ ರೆಸಿನಿನಲ್ಲಿ ಮುಳುಗಿತ್ತು. ಅವನು ಪಾರದರ್ಶಕ ಮುಚ್ಚಳದ ಮೇಲೆ ಬಗ್ಗಿದ್ದ.

"ಮೂರು ಗಂಟೆ ಆಯ್ತು, ಗಾಳಿಯೆಲ್ಲ ಬಂದು ಗುಳ್ಳೆ ನಿಲ್ಲಬೇಕಿತ್ತು, ನಿಲ್ತಿಲ್ಲ. ಸೋಪು ಹಚ್ಚಿ ನೋಡಿದೆ, ಲೀಕಿಲ್ಲ. ಅಥವಾ ಇದ್ರೂ ನಂಗೆ ಕಾಣ್ತಿಲ್ಲ." ಅವನ ಕೈ ವಾಲ್ವಿನ ಕಡೆ ಹೋಯಿತು. "ಸಾಕು, ಒಳಕ್ಕೆ ಗಾಳಿ ಬಿಡ್ತೀನಿ, ಅದರ ಒತ್ತಡಕ್ಕೆ ಮರ ರೆಸಿನ್ ಕುಡೀಲಿ."

"ಬಿಡಬೇಡಿ," ಎಂದಳು. "ಒಳಗೆ ನೀರಿದೆ."

"ಅಷ್ಟು ದಿನ ಬಲ್ಬಿನ ಮೇಲಿತ್ತು. ನೀರೆಲ್ಲಿಂದ ಬರುತ್ತೆ?"

"ಕೆಟಲ್ಲಿಂದ. ನಾನೇ ಹಬೆಗೆ ಹಿಡೀತಿದ್ದೆ. ತೂಕ ನಿಂತ್ರೆ ಬರೋಕೆ ಕಾರಣ ಇರಲ್ಲ ಅಂತ."

ಅವನು ಅವಳನ್ನು ನೋಡಲಿಲ್ಲ. ತೂಕದ ಯಂತ್ರವನ್ನು ನೋಡಿದ.

"ಆ ಎರಡು ಗ್ರಾಂ ನಿಜಾನಾ?"

"ನಿಜ. ನೀವು ಓದಿದ್ದೆಲ್ಲ ಸರಿ ಇತ್ತು. ಒಂದೇ ಒಂದು ಸಲವೂ ತಪ್ಪಿರಲಿಲ್ಲ."

ಅವನು ಎದ್ದು ಹೊರಗೆ ಹೋದ.

ಅವಳು ಸ್ಟೂಲಿನ ಮೇಲೆ ಕೂತಳು. ಗುಳ್ಳೆಗಳು ಬರುತ್ತಲೇ ಇದ್ದವು, ತನ್ನ ಹತ್ತು ಬೆಳಗುಗಳ ಹಬೆ. ರಸ್ತೆಯಲ್ಲಿ ಯಾವ ಹೆಜ್ಜೆ ಕೇಳಿದರೂ ಅವನದೆನಿಸುತ್ತಿತ್ತು, ಯಾವುದೂ ಅವನದಾಗಿರಲಿಲ್ಲ. ಕಂಪ್ರೆಸರ್ ಮುಟ್ಟಿದರೆ ಸುಡುವಷ್ಟಾಯಿತು. ಅವನು ಮಾಡುವುದನ್ನು ಎಷ್ಟೋ ಸಲ ನೋಡಿದ್ದಳಲ್ಲ, ಒಳಗಿನ ನಿರ್ವಾತ ಹೋಗದಂತೆ ಮೊದಲು ಟ್ಯೂಬಿನ ನಲ್ಲಿ ಮುಚ್ಚಿ, ಆಮೇಲೆ ಸ್ವಿಚ್ ಆರಿಸಿದಳು. ಸದ್ದು ನಿಂತ ಮೇಲೆ ಅಂಗಡಿ ಅವಳ ಕೋಣೆಯಷ್ಟೇ ನಿಶ್ಶಬ್ದವಾಯಿತು.

"ನಿಂಗೇನಾದ್ರೂ ಬುದ್ಧಿ ಇದೆಯೇನೇ?"

ಅವನು ಬಾಗಿಲಲ್ಲಿ ನಿಂತಿದ್ದ. ಮುಖ ಕೆಂಪಾಗಿತ್ತು.

"ಅಪ್ಪನ ಹಿಡಿ ಅದು. ಒಂದೇ ಇರೋದು. ನನ್ನ ಕಣ್ಣು ಹೋಯ್ತು ಅಂತ ಹತ್ತು ದಿನ ನಿದ್ದೆ ಮಾಡಿಲ್ಲ ನಾನು. ಸುಮ್ನೆ ಬರ್ತೀನಿ ಅಂದಿದ್ರೆ ಆಗ್ತಿರಲಿಲ್ವಾ?"

"ಸುಮ್ನೆ ಬರೋಕೂ ಒಂದು ಕಾರಣ ಬೇಕಲ್ಲ."

"ಕಾರಣ ಇದ್ರೆ ಅದು ಸುಮ್ನೆ ಹೇಗಾಗುತ್ತೆ?"

ಮೇಡಂ ಎನ್ನುತ್ತಿದ್ದವನು ಸಿಟ್ಟಿನಲ್ಲಿ ಏಕವಚನಕ್ಕೆ ಇಳಿದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳಿಗೆ ಗೊತ್ತಾಯಿತು. ಅಪ್ಪ ಹೋದ ಮೇಲೆ ಅವಳನ್ನು ಬೈಯುವಷ್ಟು ಹತ್ತಿರ ಯಾರೂ ಬಂದಿರಲಿಲ್ಲ. ಬೈಗುಳ ಕೇಳಿ ಕಣ್ಣು ತುಂಬಿದ್ದು ನೋವಿಗಲ್ಲ.

"ತಪ್ಪಾಯ್ತು," ಎಂದಳು. "ಹಿಡಿ ಸೀಳಿದ್ರೆ ಅಳ್ತೀನಿ, ಆಮೇಲೆ ಸುಮ್ಮನಾಗ್ತೀನಿ. ನೀವು ಹೋದ್ರೆ ಏನು ಮಾಡ್ತೀನೋ ಗೊತ್ತಿಲ್ಲ. ನೀವಂದ್ರೆ ನಂಗೆ ಇಷ್ಟ. ಅದನ್ನ ಹೇಳೋಕೆ ಬರದೆ ಮರಕ್ಕೆ ನೀರು ಕುಡಿಸಿದೆ."

ಅವನು ಒಳಗೆ ಬಂದು ಕಂಪ್ರೆಸರಿನ ಮೈ ಮುಟ್ಟಿ ನೋಡಿದ, ಮುಚ್ಚಿದ ನಲ್ಲಿ ನೋಡಿದ.

"ಇದನ್ನ ಯಾರು ಮುಚ್ಚಿದ್ದು?"

"ನಾನೇ."

"ಸರಿಯಾಗೇ ಮುಚ್ಚಿದೀಯ." ದನಿ ತಗ್ಗಿತ್ತು. "ಪಂಪ್ ನಡೀತಿದ್ರೆ ನೀರು ಇಷ್ಟಿಷ್ಟೇ ಹೊರಗೆ ಬರುತ್ತೆ. ಎರಡು ದಿನ ಆಗಬಹುದು, ಮೂರು ಆಗಬಹುದು. ಉಳಿಯುತ್ತೆ ಅಂತ ಮಾತು ಕೊಡಲ್ಲ. ಗಂಟೆಗೊಂದು ಸಲ ಆರಿಸಿ ತಣ್ಣಗೆ ಮಾಡಬೇಕು. ಯಾರಾದ್ರೂ ಪಕ್ಕದಲ್ಲೇ ಕೂತಿರಬೇಕು."

"ಕೂತಿರ್ತೀನಿ."

"ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಅದು," ಎಂದು ಅವನು ಇನ್ನೊಂದು ಸ್ಟೂಲ್ ಎಳೆದು ಕುಕ್ಕರಿನ ಆಚೆ ಬದಿಗೆ ಕೂತ. ಜೇಬಿನಿಂದ ಫೋನ್ ತೆಗೆದ.

"ಅಣ್ಣಾ, ನಾನೇ. ಬರ್ತಿಲ್ಲ ನಾನು... ಇಲ್ಲ, ಕಣ್ಣು ಚೆನ್ನಾಗೇ ಇದೆ... ಕೆಲಸಾನಾ? ಅಂಥ ಕೆಲಸ ಏನೂ ಬಂದಿಲ್ಲ."

ಆ ಕಡೆಯಿಂದ ಅಣ್ಣ ಜೋರಾಗಿ, ಮತ್ಯಾಕೆ ಇರ್ತೀಯ ಅಲ್ಲಿ ಎಂದು ಕೇಳಿದ್ದು ಅವಳಿಗೂ ಕೇಳಿಸಿತು.

ಅವನು ಅವಳ ಮುಖ ನೋಡಿದ. ಇನ್ನೂ ಸ್ವಲ್ಪ ಸಿಟ್ಟಿತ್ತು.

"ಸುಮ್ನೆ ಅಣ್ಣಾ," ಎಂದ.