ಅಕ್ಕನ ಹಾರ್ಡ್ ಡ್ರೈವ್

ಸತ್ತ ಅಕ್ಕನ ಮೇಲೂ ಹೊಟ್ಟೆಕಿಚ್ಚಾ ಅಂತ ನಗಬೇಡಿ. ಅವಳ ಫೋಟೊಗಳಿದ್ದ ಬ್ಯಾಕಪ್ ಹಾರ್ಡ್ ಡ್ರೈವ್ ಕಟಕಟ ಅನ್ನತೊಡಗಿದಾಗ ಹೊಸದು ತಂದವಳು ನಾನೇ. ಅಮ್ಮ ಕಂಪ್ಯೂಟರಿನಲ್ಲಿ ಅವಳನ್ನೇ ನೋಡುತ್ತ ಕೂತಿದ್ದಳು, ಆಫ್ ಮಾಡಲು ಬಿಡಲಿಲ್ಲ. ಎಲ್ಲ ಹೊಸದಕ್ಕೆ ಕಾಪಿಯಾದ ಮೇಲೆ ಹಳೆಯದರ ವೈರ್ ಕಿತ್ತು ಮೇಜಿನ ಮೇಲಿಟ್ಟೆ. ಹಾಡುಹಗಲು, ವೈರಿಲ್ಲದೆ, ಅದು ಗಿರ್ರನೆ ತಿರುಗುತ್ತಲೇ ಇತ್ತು.

ಅಮ್ಮ ಅದರ ಮೇಲೆ ಅಂಗೈ ಇಟ್ಟಳು. "ಮೈ ಕೆಂಡದ ಹಾಗೆ ಸುಡ್ತಿದೆಯಲ್ಲೇ ಕಂದ" ಅಂದಳು.

ನನಗೆಷ್ಟು ಸಲ ಜ್ವರ ಬಂದಿಲ್ಲ! ಒಮ್ಮೆಯಾದರೂ ಆ ಕೈ ನನ್ನ ಹಣೆ ಮುಟ್ಟಿತ್ತಾ? "ಕೊಡಮ್ಮ ಇಲ್ಲಿ" ಅಂತ ಕಿತ್ತುಕೊಂಡೆ.

ನನ್ನ ಕೈಗೆ ಬಂದದ್ದೇ ಸದ್ದು ನಿಂತಿತು. ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು.

ಅಮ್ಮನ ಅಂಗೈಯಲ್ಲಿ ಮಾತ್ರ ಬೊಬ್ಬೆ ಎದ್ದಿತ್ತು. ಅದಿನ್ನೂ ಆರಿಲ್ಲ. ಮುಲಾಮು ಹಚ್ಚಲು ನನಗೆ ಬಿಡುವುದೂ ಇಲ್ಲ.