ಜುಲೈ ಒಂಬತ್ತರಂದು ನೀಲಪ್ಪ ಎಲ್ಲಿದ್ದ?

“ಉತ್ತರ ಕಳಿಸಿದವರು ಯಾರು?”

ಫೋನಿನ ಮೇಲೆ ಶಫೀಕನ ಪ್ರಶ್ನೆ ಬಂದು ಕೂತಿತ್ತು. ಅದರ ಮೇಲ್ಗಡೆಯೇ ಕೆಂಪು ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ‘ತಪ್ಪು ಉತ್ತರ. ಕೊಲೆಗಾರ ಇನ್ನೂ ಸಿಕ್ಕಿಲ್ಲ. ನಿಮಗೆ ಉಳಿದಿರುವುದು ಒಂದೇ ಅವಕಾಶ.’

ಶಾಂಭವಿ ಮಣ್ಣಿನ ಮಾಳಿಗೆಯ ಮೇಲೆ, ಬೆಳಕಿಂಡಿಯ ಪಕ್ಕದಲ್ಲಿ ಕೂತಿದ್ದಳು. ಅಡರಕಟ್ಟಿಯ ಅವರ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಅಲ್ಲೊಂದೇ ಕಡೆ. ಫೋನ್ ಆಫ್ ಮಾಡಿ, ಕೆಳಗಿಳಿದು, ಏನೂ ಗೊತ್ತಿಲ್ಲದವಳ ಹಾಗೆ ಇದ್ದುಬಿಡಲೇ ಎನಿಸಿತು. ಆದರೂ ಬೆರಳು ಟೈಪ್ ಮಾಡಿತು.

“ನಾನ ಕಳಿಸಿದ್ದು. ತಪ್ಪಾತು.”

ಕೊಲೆ ಎಂದ ಕೂಡಲೇ ಯಾರೂ ಗಾಬರಿಯಾಗಬೇಕಿಲ್ಲ. ಇದು ಆಟದ ಕೊಲೆ. ‘ಸುಳಿವಿನ ಕಟ್ಟೆ’ ಎಂದು ಮಕ್ಕಳದೊಂದು ಆನ್‌ಲೈನ್ ಬಳಗ. ಅಲ್ಲಿ ಕಟ್ಟುಕತೆಯ ಒಂದು ಕೊಲೆ ನಡೆಯುತ್ತದೆ. ಸಾಕ್ಷಿಗಳ ಹೇಳಿಕೆ, ಮನೆಯ ನಕ್ಷೆ, ಹಳೆಯ ಪತ್ರ ಎಲ್ಲ ಸೇರಿ ಇಪ್ಪತ್ತು ಪುಟ ಕೊಡುತ್ತಾರೆ. ನಾಲ್ಕು ಊರಿನ ನಾಲ್ಕು ಮಕ್ಕಳು ಒಂದು ತಂಡ. ಎಲ್ಲರೂ ಕೂಡಿ ತಲೆ ಓಡಿಸಿ ಕೊಲೆಗಾರನನ್ನು ಹಿಡಿಯಬೇಕು. ಬರೀ ಹೆಸರು ಹೇಳಿದರೆ ಸಾಲದು, ಅವನು ಹೇಳಿದ ಸುಳ್ಳು ಯಾವುದು ಎಂದೂ ಬರೆಯಬೇಕು. ಉತ್ತರಕ್ಕೆ ಮೂರೇ ಅವಕಾಶ.

ಆರನೆಯ ತರಗತಿಯ ಶಾಂಭವಿಯ ಹೆಸರನ್ನು ಬರೆಸಿದ್ದು ಅವಳ ಶಾಲೆಯ ಟೀಚರ್. ತಂಡದ ಲೀಡರ್ ಬೆಟಗೇರಿಯ ಶಫೀಕ, ಎಂಟನೆಯ ತರಗತಿ. ಮೈಸೂರಿನ ರೇಷ್ಮಾ ಲೆಕ್ಕದಲ್ಲಿ ಚುರುಕು. ಮಂಗಳೂರಿನ ಡೆನ್ಸಿಲ್ ಎಲ್ಲದಕ್ಕೂ ಒಂದು ಅನುಮಾನ ತೆಗೆಯುವವನು. ಆಗಾಗ ಸಮುದ್ರದ ಫೋಟೋ ಹಾಕುತ್ತಿದ್ದವನೂ ಅವನೇ.

ಈ ಸಲದ ಕೊಲೆ ನಡೆದದ್ದು ಕರಿಹಳ್ಳ ಎಂಬ ಊರಿನಲ್ಲಿ. ಆ ಹೆಸರಿನ ಊರು ಕತೆಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ‘ಧಾರವಾಡದ ಕಡೆಯ ಒಂದು ಹಳ್ಳಿ’ ಎಂದಷ್ಟೇ ಬರೆದಿದ್ದರು. ಶಾಂಭವಿಯ ಅಡರಕಟ್ಟಿಯೂ ಅದೇ ಕಡೆಯದು. ೧೯೬೨ರ ಜುಲೈ ೯ರ ಬೆಳಿಗ್ಗೆ ಸಾಹುಕಾರ ರುದ್ರಪ್ಪ ತನ್ನ ಹತ್ತಿಯ ಗೋದಾಮಿನಲ್ಲಿ ಸತ್ತು ಬಿದ್ದಿದ್ದ. ಅನುಮಾನ ಐವರ ಮೇಲೆ. ಗುಮಾಸ್ತ, ಅಡುಗೆಯ ಕಲ್ಲವ್ವ, ವೈದ್ಯ, ಪಕ್ಕದ ಮನೆಯ ವ್ಯಾಪಾರಿ, ರುದ್ರಪ್ಪನ ತಮ್ಮ ನೀಲಪ್ಪ.

ಮೊದಲು ಎಲ್ಲರೂ ಕೂಡಿ ಗುಮಾಸ್ತನ ಹೆಸರು ಕಳಿಸಿ ಸೋತರು. ಎರಡನೆಯದನ್ನು ಹಾಳು ಮಾಡಿದ್ದು ಶಾಂಭವಿ. ಶನಿವಾರ ಸಂಜೆ ಕಲ್ಲವ್ವನ ಮಾತಿನಲ್ಲಿ ಏನೋ ಹೊಂದುವುದಿಲ್ಲ ಎಂದು ಕಂಡಿತು. ಯಾರಿಗೂ ಹೇಳಲಿಲ್ಲ. ತಾನೊಬ್ಬಳೇ ಪತ್ತೆ ಹಚ್ಚಿ ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ. ಗುಂಡಿ ಒತ್ತಿದಳು, ಕೆಂಪು ಅಕ್ಷರ ಬಂತು.

“ಒಂದು ಮಾತು ಕೇಳಬೇಕಿತ್ತು ಕಣೇ,” ಎಂದು ರೇಷ್ಮಾ ಬರೆದಳು. ಡೆನ್ಸಿಲ್ ಕೆಂಪು ಅಕ್ಷರದ ಆ ಸಾಲನ್ನೇ ಮತ್ತೊಮ್ಮೆ ಹಾಕಿದ. ಅದೇ ಹೆಚ್ಚು ಚುಚ್ಚಿತು. ಇನ್ನು ಮುಂದೆ ಉತ್ತರ ತಾನೊಬ್ಬನೇ ಕಳಿಸುವುದು ಎಂದು ಶಫೀಕ ನಿಯಮ ಮಾಡಿದ.

ಸೋಮವಾರ ಸಂಜೆ ಆರು ಗಂಟೆಗೆ ಗಡುವು. ಮೂರನೆಯದೂ ತಪ್ಪಾದರೆ ತಂಡ ಆಟದಿಂದ ಹೊರಗೆ. ಸೋತ ತಂಡವನ್ನು ಒಡೆದು, ಮಕ್ಕಳನ್ನು ಬೇರೆ ಬೇರೆ ತಂಡಗಳಿಗೆ ಹಂಚಿಬಿಡುತ್ತಾರೆ. ಅಂದರೆ ಶಫೀಕ, ರೇಷ್ಮಾ, ಡೆನ್ಸಿಲ್ ಯಾರೂ ಇರುವುದಿಲ್ಲ. ಅದೂ ತನ್ನಿಂದಾಗಿ. ಅದನ್ನು ನೆನೆದಾಗೆಲ್ಲ ಶಾಂಭವಿಗೆ ಅಳು ಬರುತ್ತಿತ್ತು.

ಭಾನುವಾರವೆಲ್ಲ ಚರ್ಚೆ ನಡೆದು, ವೈದ್ಯನೇ ಕೊಲೆಗಾರ ಎಂಬಲ್ಲಿಗೆ ಬಂದು ನಿಂತಿತು. ಶಾಂಭವಿ ಎಲ್ಲದಕ್ಕೂ ಬರೀ ‘ಹೂಂ’ ಎಂದಳು. ಮತ್ತೆ ಬಾಯಿ ಹಾಕುವ ಧೈರ್ಯ ಅವಳಿಗೆ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಬಾಯಿತುಂಬ ಪೇಸ್ಟಿನ ನೊರೆ ತುಂಬಿಕೊಂಡು ಅಂಗಳದಲ್ಲಿ ನಿಂತಿದ್ದಳು. ಪಕ್ಕದ ಮನೆಯ ಹೊನ್ನೇಶ ಬಂದ. ಹತ್ತು ವರ್ಷ ಹುಬ್ಬಳ್ಳಿಯಲ್ಲಿ ಲಾರಿ ಓಡಿಸಿ, ಈ ವರ್ಷವಷ್ಟೇ ಊರಿಗೆ ಬಂದು ಒಕ್ಕಲುತನಕ್ಕೆ ಕೈ ಹಾಕಿದವನು. ಬೆಳೆಯ ಸಾಲಿನ ನಡುವಿನ ಕಸ ತೆಗೆಯಲು ಎಡೆ ಹೊಡೆಯಬೇಕಿತ್ತು. ಅವನ ಬಳಿ ಎತ್ತು ಇರಲಿಲ್ಲ.

“ಕಾಕಾ, ಒಂದೊಪ್ಪತ್ತು ನಿಮ್ಮ ಎತ್ತು ಕೊಡ್ರಿ. ಮಳಿ ಬರೂದ್ರಾಗ ಎಡಿ ಹೊಡದು ಮುಗಸ್ತೀನಿ,” ಎಂದ.

ಶಾಂಭವಿಯ ಅಜ್ಜ ಚನ್ನಬಸವಣ್ಣ ಎತ್ತಿನ ಮೈ ತೊಳೆಯುತ್ತಿದ್ದರು. ತಿರುಗಿ, ಹೊನ್ನೇಶನನ್ನು ಮೇಲಿಂದ ಕೆಳಗಿನ ತನಕ ನೋಡಿದರು.

“ಲಾರಿ ಹೊಡದು ಹೊಡದು ವಾರಾನೂ ಮರತಿಯೇನೋ? ಇವತ್ತು ಸೋಮವಾರ. ನಮ್ಮ ಕಡೆ ಸೋಮವಾರ ಯಾರರ ಎತ್ತು ಹೂಡ್ತಾರೇನು? ಏಳು ದಿನದಾಗ ಅದೊಂದ ದಿನ ಅವುಕ್ಕ ಬಿಡುವು. ನಾಳಿ ಬಂದು ಒಯ್ಯಿ.”

ಹೊನ್ನೇಶ ತಲೆ ಕೆರೆದುಕೊಂಡು ಹೋದ. ಶಾಂಭವಿ ನೊರೆ ಉಗುಳುವುದನ್ನೂ ಮರೆತು ನಿಂತಳು.

ನೀಲಪ್ಪನ ಹೇಳಿಕೆ ಅವಳಿಗೆ ಬಾಯಿಪಾಠವಾಗಿತ್ತು. ‘ಬೆಳಗಿನಿಂದ ಹೊಲದಲ್ಲಿ ಎಡೆ ಹೊಡೆಯುತ್ತಿದ್ದೆ. ಎತ್ತು ಬಿಚ್ಚಿಕೊಂಡು ಮನೆಗೆ ಬಂದಾಗ ಅಣ್ಣ ಸತ್ತಿದ್ದ.’ ಅವನ ಕಾಲಿಗೆ ಹಸಿ ಮಣ್ಣೂ ಮೆತ್ತಿತ್ತು. ಹೊಲದಲ್ಲಿ ಇದ್ದವನು ಗೋದಾಮಿಗೆ ಹೇಗೆ ಬಂದಾನು ಎಂದು ತಂಡ ಮೊದಲನೆಯ ದಿನವೇ ಅವನ ಹೆಸರು ಹೊಡೆದು ಹಾಕಿತ್ತು.

ಆದರೆ ಆ ದಿನ ಯಾವ ವಾರ? ಇಪ್ಪತ್ತು ಪುಟದಲ್ಲಿ ಎಲ್ಲಿಯೂ ವಾರದ ಹೆಸರಿರಲಿಲ್ಲ, ಬರೀ ತಾರೀಖು ಇತ್ತು. ಫೋನ್ ನೋಡೋಣವೆಂದರೆ ಅದು ಅವ್ವನ ಬಳಿ. ಅವ್ವ ಆಶಾ ಕಾರ್ಯಕರ್ತೆ. ಫೋನ್ ಹಿಡಿದುಕೊಂಡು ಮನೆಮನೆಗೆ ಹೋದರೆ ತಿರುಗಿ ಬರುವುದು ಸಂಜೆ ಐದಕ್ಕೆ.

ಶಾಂಭವಿ ಶಾಲೆಯಲ್ಲಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿದಳು. ವರ್ಷಕ್ಕೆ ಒಂದು ದಿನ, ಲೀಪ್ ಇಯರ್ ಬಂದರೆ ಇನ್ನೊಂದು ದಿನ ಹಿಂದಕ್ಕೆ ಸರಿಯಬೇಕು. ಬರೆದಳು, ಹೊಡೆದಳು, ಮತ್ತೆ ಬರೆದಳು. ಮಂಗಳವಾರ ಬಂತು. ಇನ್ನೊಮ್ಮೆ ಮಾಡಿದರೂ ಮಂಗಳವಾರವೇ. ಮಂಗಳವಾರ ಎತ್ತು ಹೂಡಲು ಯಾವ ಅಡ್ಡಿಯೂ ಇಲ್ಲ. ಅವಳು ಹಾಳೆ ಹರಿದು ಕಿಸೆಗೆ ತುರುಕಿದಳು.

ಆ ಸಂಜೆ ಅವ್ವ ಬಂದದ್ದು ಐದೂ ಇಪ್ಪತ್ತಕ್ಕೆ. ಶಾಂಭವಿ ಫೋನ್ ಕಸಿದುಕೊಂಡವಳೇ ಏಣಿ ಹತ್ತಿದಳು.

ವೈದ್ಯನ ಹೆಸರು ಬರೆದಿಟ್ಟಿದ್ದೇನೆ, ಐದೂವರೆಗೆ ಕಳಿಸುತ್ತೇನೆ, ಯಾರದಾದರೂ ತಕರಾರು ಇದೆಯೇ ಎಂದು ಶಫೀಕ ಕೇಳಿದ್ದ. ಶಾಂಭವಿ ಕಿಸೆಯ ಹಾಳೆ ಹೊರಗೆ ತೆಗೆದಳು. ಹೇಳಿದರೆ ನಗುತ್ತಾರೆ. ಲೆಕ್ಕ ಬೇರೆ ಕೈ ಕೊಟ್ಟಿದೆ. ಹೇಳದಿದ್ದರೆ? ಮೊನ್ನೆಯೂ ಅವಳು ಹೇಳಿರಲಿಲ್ಲ.

“ನಂದೊಂದು ಅರ್ಧ ವಿಚಾರ ಐತಿ,” ಎಂದು ಬರೆದಳು. “ತಪ್ಪಿರಬಹುದು. ನಮ್ಮ ಕಡೆ ಸೋಮವಾರ ಎತ್ತು ಹೂಡೂದಿಲ್ಲ. ಜುಲೈ ಒಂಬತ್ತು ಸೋಮವಾರ ಆಗಿದ್ರ ನೀಲಪ್ಪ ಸುಳ್ಳು ಹೇಳ್ಯಾನ. ಆದ್ರ ನಾನು ಲೆಕ್ಕಾ ಮಾಡಿದ್ರ ಮಂಗಳವಾರ ಬರತೈತಿ.” ಮುದುಡಿದ ಹಾಳೆಯನ್ನು ಬಿಡಿಸಿ, ಅದರ ಫೋಟೋವನ್ನೂ ಹಾಕಿದಳು.

ಮೊದಲು ಬಂದವಳು ರೇಷ್ಮಾ.

“ನೀನು ಎರಡು ಸಾವಿರನೇ ಇಸವಿ ಬಿಟ್ಟಿದ್ದೀಯ ಕಣೇ. ಅದೂ ಲೀಪ್ ಇಯರ್ರೇ.”

ಹೌದು, ಬಿಟ್ಟಿದ್ದಳು. ನೂರರ ವರ್ಷಗಳು ಲೀಪ್ ಅಲ್ಲ ಎಂದು ಲೆಕ್ಕದ ಸರ್ ಹೇಳಿದ್ದು ನೆನಪಿತ್ತು. ನಾನೂರರಿಂದ ಭಾಗವಾದರೆ ಮಾತ್ರ ಲೀಪ್ ಎಂದು ಹೇಳುವ ಹೊತ್ತಿಗೆ ಇವಳು ಕಿಟಕಿಯಾಚೆ ನೋಡುತ್ತಿದ್ದಿರಬೇಕು. ರೇಷ್ಮಾ ಅಷ್ಟಕ್ಕೇ ಬಿಡಲಿಲ್ಲ. ಫೋನಿನ ಕ್ಯಾಲೆಂಡರನ್ನು ೧೯೬೨ರ ತನಕ ಹಿಂದಕ್ಕೆ ಸರಿಸಿ, ಅದರ ಚಿತ್ರವನ್ನೂ ಕಳಿಸಿದಳು. ಜುಲೈ ಒಂಬತ್ತು, ಸೋಮವಾರ.

ಆಗ ಡೆನ್ಸಿಲ್ ತನ್ನ ಅನುಮಾನ ತೆಗೆದ.

“ಎಲ್ಲ ಸರಿ ಮಾರಾಯ್ತಿ. ಆದರೆ ಕತೆ ಬರೆದವರಿಗೆ ಈ ಸೋಮವಾರದ ವಿಷಯ ಗೊತ್ತುಂಟಾ? ಅವರು ಸುಮ್ಮನೆ ಒಂದು ತಾರೀಖು ಹಾಕಿದ್ದರೆ ನಾವು ಹೋದೆವಲ್ಲ.”

ಪ್ರಶ್ನೆ ಸರಿಯಾಗಿಯೇ ಇತ್ತು. ಸಮಯ ಐದೂ ಮೂವತ್ತೆಂಟು. ಶಫೀಕ ತಡಮಾಡದೆ ಪುಟಗಳನ್ನು ಹಂಚಿದ. ಒಬ್ಬೊಬ್ಬರು ಐದೈದು ಪುಟ ಓದಬೇಕು. ಎತ್ತು ಎಂಬ ಮಾತು ಬೇರೆ ಎಲ್ಲಾದರೂ ಬಂದಿದೆಯೇ ಹುಡುಕಬೇಕು. ಮಾಳಿಗೆಯ ಮೇಲೆ ಶಾಂಭವಿ ಕಣ್ಣು ಕಿರಿದು ಮಾಡಿ ಸಾಲು ಸಾಲು ಓದಿದಳು. ಅವಳ ಪುಟಗಳಲ್ಲಿ ಏನೂ ಸಿಗಲಿಲ್ಲ. ರೇಷ್ಮಾಳಿಗೂ ಸಿಗಲಿಲ್ಲ.

ಸಿಕ್ಕಿದ್ದು ಡೆನ್ಸಿಲ್‌ಗೆ. ಹದಿನಾಲ್ಕನೆಯ ಪುಟದಲ್ಲಿ ಮಡಿವಾಳ ಫಕೀರಪ್ಪನ ಸಾಕ್ಷಿ. ‘ಆ ದಿನ ಬೆಳಿಗ್ಗೆ ಹಳ್ಳದಲ್ಲಿ ಊರಿನ ಎತ್ತುಗಳೆಲ್ಲ ಮೈ ತೊಳೆಸಿಕೊಳ್ಳುತ್ತಿದ್ದವು. ಬಟ್ಟೆ ಒಗೆಯಲು ನನಗೆ ಜಾಗವೇ ಸಿಗಲಿಲ್ಲ.’ ನಗಿಸಲು ಬರೆದ ಸಾಲು ಎಂದು ನಾಲ್ವರೂ ಅದನ್ನು ದಾಟಿ ಹೋಗಿದ್ದರು.

“ಬರೆದವರಿಗೆ ಗೊತ್ತುಂಟು,” ಎಂದು ಡೆನ್ಸಿಲ್ ಬರೆದ. ಅವನು ಅನುಮಾನವಿಲ್ಲದೆ ಒಂದು ವಾಕ್ಯ ಬರೆದದ್ದು ಅದೇ ಮೊದಲು.

ಹಾಗಾದರೆ ನೀಲಪ್ಪನ ಕಾಲಿನ ಮಣ್ಣು ಎಲ್ಲಿಯದು ಎಂದು ರೇಷ್ಮಾ ಕೇಳಿದಳು. ಶಫೀಕ ನಕ್ಷೆ ತೆಗೆದ. ಗೋದಾಮಿನ ಹಿಂಬಾಗಿಲು ತೆರೆದರೆ ಬಾವಿ. ಬಾವಿಯ ಸುತ್ತ ಕೆಸರು. ಅಲ್ಲಿಗೆ ಎಲ್ಲ ಗಂಟೂ ಬಿಚ್ಚಿತು.

ಐದೂ ಐವತ್ತೆರಡಕ್ಕೆ ಶಫೀಕ ಒಂದು ಮಾತು ಬರೆದ. “ಶಾಂಭವಿ, ನೀನ ಕಳಸು.”

ಅವಳು ಉತ್ತರ ಬರೆದಳು. ಕೊಲೆಗಾರ ನೀಲಪ್ಪ. ಅವನ ಸುಳ್ಳು, ಸೋಮವಾರ ಎತ್ತು ಹೂಡಿದ್ದೆ ಎಂದದ್ದು. ಬರೆದು, ಎಲ್ಲರಿಗೂ ತೋರಿಸಿ, ಕಳಿಸಲೇ ಎಂದು ಕೇಳಿದಳು. ಶಫೀಕ ಹೂಂ ಎಂದ. ರೇಷ್ಮಾ ಹೂಂ ಎಂದಳು. ಡೆನ್ಸಿಲ್‌ನ ಸುದ್ದಿಯೇ ಇಲ್ಲ.

ಐವತ್ತೈದು. ಐವತ್ತಾರು. ಅವನ ನೆಟ್ ಹೋಗಿರಬೇಕು, ಒತ್ತಿಬಿಡು ಎಂದಳು ರೇಷ್ಮಾ. ಶಾಂಭವಿಯ ಬೆರಳು ಗುಂಡಿಯ ಮೇಲೆ ಒಂದು ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಒತ್ತಬಹುದಿತ್ತು. ಒತ್ತಲಿಲ್ಲ. ಅವನಿಗೆ ಇನ್ನೂ ಯಾವುದಾದರೂ ಅನುಮಾನ ಉಳಿದಿದ್ದರೆ ಅದನ್ನು ಕೇಳಲೇಬೇಕು ಎನಿಸಿತು. ಐವತ್ತೆಂಟಕ್ಕೆ ಡೆನ್ಸಿಲ್ ಬಂದ.

“ಹೂಂ. ಕರೆಂಟ್ ಹೋಗಿತ್ತು.”

ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ನಿಂತಿತು. ಹಸಿರು ಅಕ್ಷರಗಳು ಮೂಡಿದವು. ‘ಸರಿ ಉತ್ತರ. ನೀಲಪ್ಪ ತಪ್ಪೊಪ್ಪಿಕೊಂಡಿದ್ದಾನೆ. ನಲವತ್ತೆರಡು ತಂಡಗಳಲ್ಲಿ ಅವನ ಸುಳ್ಳನ್ನು ಹಿಡಿದದ್ದು ನೀವು ಮಾತ್ರ.’

ಶಾಂಭವಿ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಅವಳು ಮಾಳಿಗೆಯ ತುಂಬ ಕುಣಿದಳು. ಫೋನಿನಲ್ಲಿ ಶಫೀಕ, ರೇಷ್ಮಾ, ಡೆನ್ಸಿಲ್ ಮೂವರೂ ಒಟ್ಟಿಗೇ ಏನೇನೋ ಬರೆಯುತ್ತಿದ್ದರು. ಯಾವುದನ್ನೂ ಪೂರ್ತಿ ಓದಲು ಆಗಲಿಲ್ಲ. ಅಷ್ಟು ಖುಷಿ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಬೆಳಕಿಂಡಿಯಿಂದ ಅವ್ವನ ದನಿ ಬಂತು. “ಯವ್ವಾ, ಮ್ಯಾಲ ಕುಣಿಬ್ಯಾಡ. ರೊಟ್ಟಿ ಹಿಟ್ಟಿನ್ಯಾಗ ಮಣ್ಣು ಉದರಾಕತ್ತೈತಿ.”

ಕೆಳಗಿಳಿದು ದನದ ಮನೆಗೆ ಓಡಿದಳು. ಅಜ್ಜ ಎತ್ತಿಗೆ ಮೇವು ಹಾಕುತ್ತಿದ್ದರು. ಒಂದೇ ಉಸಿರಿನಲ್ಲಿ ರುದ್ರಪ್ಪ, ನೀಲಪ್ಪ, ಗೋದಾಮು, ಹಳ್ಳ ಎಲ್ಲವನ್ನೂ ಹೇಳಿದಳು. ಅಜ್ಜ ಮೇವಿನ ಸಿವುಡು ಹಿಡಿದುಕೊಂಡೇ ಕೇಳಿದರು.

“ಅಂವಾ ಸೋಮವಾರ ಎಡಿ ಹೊಡದೀನಿ ಅಂದ್ನೇನು?” ಎಂದರು. “ಇದನ್ನ ಹಿಡಿಯಾಕ ನಾಕು ಮಂದಿಗೆ ಹತ್ತು ದಿನಾ ಬೇಕಾತ? ನನಗ ಕೇಳಿದ್ರ ಮೊದಲನೇ ದಿನಾನ ಹೇಳ್ತಿದ್ದೆನಲ್ಲ ಶಾಂಭವ್ವ.”

ಹತ್ತು ದಿನವೂ ಶಾಂಭವಿ ಫೋನ್ ಹಿಡಿದುಕೊಂಡು ಅಜ್ಜನ ಮುಂದೆಯೇ ಏಣಿ ಹತ್ತಿದ್ದಳು. ಏನು ಓದುತ್ತಿ ಎಂದು ಅವರು ಎರಡು ಸಲ ಕೇಳಿಯೂ ಇದ್ದರು. ನಿಮಗೆ ತಿಳಿಯುವುದಿಲ್ಲ ಎಂದು ಹೇಳಿ ಓಡಿದವಳು ಅವಳೇ.

ಗೆದ್ದ ತಂಡಕ್ಕೆ ಹೊಸ ಪ್ರಕರಣ ಆಗಲೇ ತೆರೆದಿತ್ತು, ಅವಳು ಮಾಳಿಗೆಯ ಮೇಲಿದ್ದಾಗಲೇ ಅದರ ಪುಟಗಳು ಫೋನಿಗೆ ಇಳಿದಿದ್ದವು. ಈ ಸಲ ಕೋಟೆಯಂಥ ದೊಡ್ಡ ಮನೆ, ಒಂದು ಹಳೆಯ ವಾಡೆ, ಏಳು ಜನ, ಒಂದು ಕೊಲೆ. ಶಾಂಭವಿ ಮೇವಿನ ರಾಶಿಯ ಮೇಲೆ ಅಜ್ಜನಿಗೂ ಜಾಗ ಮಾಡಿದಳು. ಪುಟ ಒಂದರಿಂದ ನಿಧಾನವಾಗಿ, ಜೋರಾಗಿ ಓದತೊಡಗಿದಳು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅಜ್ಜ ಕೈ ಎತ್ತಿದರು.

“ತಡಿ ತಡಿ. ಆ ವಾಡೆಕ್ಕ ಬಾಗಲಾ ಎಷ್ಟು?”

ಅವಳು ಪುಟವನ್ನು ಹಿಂದಕ್ಕೆ ಸರಿಸಿದಳು. ಬಾಗಿಲುಗಳನ್ನು ಅವಳು ಎಣಿಸಿರಲೇ ಇಲ್ಲ.