ಮೂವತ್ತೈದನೇ ಹಾಜರಿ

"ಟೀಚರ್, ನಿಮ್ಮ ಎತ್ತರ ಎಷ್ಟು?"

ಸ್ಟಾಫ್ ರೂಮಿನಲ್ಲಿ ನಾಲ್ಕಾರು ಜನ ಕೂತಿರುವಾಗ, ಪರಿಚಯವಾಗಿ ಹದಿನೈದು ದಿನವೂ ಆಗದ ಗಂಡಸು ಹೀಗೆ ಕೇಳಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಎರಡನೇ ಕ್ಲಾಸಿನ ಟೀಚರಿಗಂತೂ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವಳು ಟೀ ಲೋಟವನ್ನು ಟಪ್ಪೆಂದು ಮೇಜಿನ ಮೇಲಿಟ್ಟಳು.

"ಯಾಕೆ ಸರ್? ನನಗೆ ಗಂಡು ನೋಡ್ತಿದ್ದೀರಾ?"

ಉಳಿದವರೆಲ್ಲ ಗೊಳ್ಳೆಂದು ನಕ್ಕರು. ಅವನ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಅಳತೆ ಟೇಪನ್ನು ಎತ್ತಿ ತೋರಿಸಿ, "ಅಯ್ಯೋ, ಹಾಗಲ್ಲ. ನಿಮ್ಮ ಮೇಜಿನ ಕೆಳಗೆ ನೀವು ಹಿಡಿಸ್ತೀರೋ ಇಲ್ವೋ ನೋಡ್ಬೇಕಿತ್ತು" ಎಂದು ತೊದಲಿದ.

ಅವನು ಊರಿನ ಶಾಲೆಗಳಿಗೆಲ್ಲ ಭೂಕಂಪದ ಡ್ರಿಲ್ ಕಲಿಸುವ ಸುರಕ್ಷತಾ ಅಧಿಕಾರಿ. ಕೊರಳಲ್ಲಿ ಸದಾ ವಿಷಲ್ ನೇತಾಡುತ್ತಿದ್ದುದರಿಂದ ಮಕ್ಕಳ ಪಾಲಿಗೆ ವಿಷಲ್ ಅಂಕಲ್. ಅವನು ಊದಿದ ಕೂಡಲೇ ಎಲ್ಲರೂ ಬಗ್ಗಿ ಡೆಸ್ಕಿನ ಕೆಳಗೆ ನುಗ್ಗಬೇಕು. ಒಂದು ಕೈ ಕುತ್ತಿಗೆಯ ಮೇಲೆ, ಇನ್ನೊಂದು ಕೈಯಲ್ಲಿ ಡೆಸ್ಕಿನ ಕಾಲು. ಟೀಚರೂ ತನ್ನ ಮೇಜಿನ ಕೆಳಗೆ ಹೋಗಬೇಕು. ಮೊದಲ ಡ್ರಿಲ್‌ನಲ್ಲಿ ಮೂವತ್ನಾಲ್ಕು ಮಕ್ಕಳೂ ಕೆಳಗೆ ಹೋದರು, ಇವಳು ಮಾತ್ರ ಬೋರ್ಡಿನ ಮುಂದೆ ಕಂಬದ ಹಾಗೆ ನಿಂತಿದ್ದಳು. ಮರುದಿನ ಅವನ ವರದಿ ಬಂತು: "ಕೋಣೆ ನಾಲ್ಕು. ಮಕ್ಕಳು ಕ್ಷೇಮ. ಟೀಚರ್ ಮೃತ."

"ಬದುಕಿರೋವಾಗ್ಲೇ ನನ್ನ ಸಾಯಿಸಿಬಿಟ್ರಲ್ಲ ಸರ್!" ಎಂದು ಅವಳು ಅವನನ್ನು ಕಾರಿಡಾರಿನಲ್ಲೇ ತರಾಟೆಗೆ ತೆಗೆದುಕೊಂಡಿದ್ದಳು.

"ನಾನಲ್ಲ ಟೀಚರ್. ನಿಮ್ಮ ತಲೆ ಮೇಲಿನ ಫ್ಯಾನು" ಎಂದಿದ್ದ. ಹಾಗೆನ್ನುವಾಗ ಒಂದಿಷ್ಟೂ ನಕ್ಕಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ಈಗ ಟೇಪು ಹಿಡಿದು ಬಂದಿದ್ದಾನೆ, ಪುಣ್ಯಾತ್ಮ.

ಶಾಲೆ ಬಿಟ್ಟ ಮೇಲೆ ಅವನು ಅವಳ ಮೇಜಿನ ಕೆಳಗೆ ತೂರಿ ಒಂದೊಂದೇ ಹೊರಗೆಳೆದ. ಹಳೇ ನೋಟ್‌ಬುಕ್ಕಿನ ಡಬ್ಬಗಳು, ಒಡೆದ ಗ್ಲೋಬು, ಯಾವ ಕಾಲದ್ದೋ ಒಂಟಿ ಶೂ. "ಇಷ್ಟೆಲ್ಲ ತುಂಬಿಟ್ರೆ ನೀವು ಎಲ್ಲಿ ಹೋಗ್ತೀರಿ, ಪಾಪ" ಎನ್ನುತ್ತಾ ನಾಲ್ಕು ಸಲ ಸೀನಿದ. ಹುಬ್ಬಿನ ಮೇಲೆ ಚಾಕ್ ಪುಡಿ ಕೂತಿತ್ತು. ಒರೆಸಲು ಹೊರಟ ಅವಳ ಬೆರಳು ಅರ್ಧ ದಾರಿ ಹೋಗಿ ವಾಪಸ್ ಬಂತು.

ಅವನು ಅದನ್ನು ನೋಡಿದ. ನೋಡಿಲ್ಲವೆನ್ನುವ ಹಾಗೆ ಗ್ಲೋಬನ್ನೆತ್ತಿ ಕಪಾಟಿನ ಮೇಲಿಟ್ಟ. ಬೀಳುವಂಥದ್ದನ್ನು ಎತ್ತರದಲ್ಲಿ ಇಡಬಾರದೆಂದು ಊರಿಗೆಲ್ಲ ಪಾಠ ಹೇಳುವವನು ತಾನೇ ಅಲ್ಲವೇ! ನಾಲಿಗೆ ಕಚ್ಚಿಕೊಂಡು ಕೆಳಗಿಳಿಸಿದ.

"ಇನ್ನು ನೆಪ ಇಲ್ಲ ಟೀಚರ್."

"ಇಲ್ಲ" ಎಂದಳು ಅವಳು. ತಾನು ನಿಂತದ್ದು ಡಬ್ಬಗಳಿಂದಾಗಿ ಅಲ್ಲ ಎಂದು ಇವನಿಗೆ ಹೇಗೆ ಹೇಳುವುದು?

ಎರಡನೇ ಡ್ರಿಲ್‌ನಲ್ಲೂ ಅವಳ ಮಂಡಿ ಬಗ್ಗಲಿಲ್ಲ. ಈ ಸಲ ಅವಳ ಪಕ್ಕ ಇನ್ನೊಬ್ಬಳು ನಿಂತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಪ್ರಶ್ನೆ ಕೇಳುವುದರಿಂದ ಪ್ರಶ್ನೆಪತ್ರಿಕೆ ಎಂದೇ ಎಲ್ಲರೂ ಕರೆಯುತ್ತಿದ್ದ ಎರಡು ಜಡೆಯ ಹುಡುಗಿ.

"ನೀನ್ಯಾಕೆ ಪುಟ್ಟಿ ಕೆಳಗೆ ಹೋಗ್ಲಿಲ್ಲ?" ಅವನು ಮಂಡಿಯೂರಿ ಕೇಳಿದ.

"ಟೀಚರ್ ನಿಂತಿದ್ರಲ್ಲ. ಒಬ್ರೇ ಪಾಪ ಅಂತ ನಾನೂ ನಿಂತ್ಕೊಂಡೆ."

ಹೆಡ್‌ಮಿಸ್ ಟೀಚರನ್ನು ಆಫೀಸಿಗೆ ಕರೆದು, "ಮುಂದಿನ ಡ್ರಿಲ್ಲಲ್ಲೂ ಹೀಗೇ ಆದ್ರೆ ನಿನ್ನನ್ನ ಆ ಕ್ಲಾಸಿಂದ ತೆಗೀಬೇಕಾಗತ್ತಮ್ಮ, ಬೇಜಾರು ಮಾಡ್ಕೋಬೇಡ" ಎಂದರು. ಅವಳಿಗೆ ಬೇಜಾರಾಗಲಿಲ್ಲ, ಭಯವಾಯಿತು. ಆ ಮಗುವಿನ ತಲೆಯ ಮೇಲೂ ಒಂದು ಫ್ಯಾನಿತ್ತು.

ಅವನು ಮೈದಾನದ ಮೆಟ್ಟಿಲ ಮೇಲೆ ಕೂತು ವರದಿ ಬರೆಯುತ್ತಿದ್ದ. ಅವಳು ಹೋಗಿ ಎರಡು ಮೆಟ್ಟಿಲು ಕೆಳಗೆ ಕೂತಳು.

"ನನಗಾಗ ಏಳು ವರ್ಷ. ಅಕ್ಕ ಅದೇ ಶಾಲೇಲಿ ಆರನೇ ಕ್ಲಾಸು. ನೆಲ ಅಲುಗಾಡಿದಾಗ ನಾನು ಬೆಂಚಿನ ಕೆಳಗೆ ಮುದುರಿಕೊಂಡೆ. ಅಕ್ಕ ನನ್ನ ಹುಡುಕ್ಕೊಂಡು ಬಂದ್ಲು. ಬಾಗಿಲಲ್ಲಿ ಅವಳ ಕಾಲು ಕಾಣಿಸ್ತಿತ್ತು ನನಗೆ. ಕೂಗಿದ್ಲು. ನನ್ನ ಗಂಟಲಿಂದ ದನಿಯೇ ಹೊರಡ್ಲಿಲ್ಲ. ನಾನಿಲ್ಲ ಅಂದ್ಕೊಂಡು ಆ ಕಡೆ ಓಡಿದ್ಲು. ಗೋಡೆ ಅಲ್ಲೇ ಬಿತ್ತು."

ಅವನು ಪೆನ್ನು ಕೆಳಗಿಟ್ಟ.

"ನಾನು ಕಾಣೋ ಹಾಗೆ ನಿಂತಿದ್ರೆ ಅಕ್ಕ ಇರ್ತಿದ್ಲು ಸರ್. ಅಮ್ಮ ಇವತ್ತಿನವರೆಗೂ ನನಗೆ ಒಂದು ಮಾತು ಅಂದಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು. ನನ್ನ ಮಕ್ಕಳಲ್ಲಿ ಯಾರಿಗಾದ್ರೂ ನಾನು ಕಾಣದೇ ಹೋದ್ರೆ ಅಂತ ಕಾಲು ಮರಗಟ್ಟಿಬಿಡತ್ತೆ."

ನಿಮ್ಮ ತಪ್ಪೇನಿಲ್ಲ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಅವಳು ಎದ್ದು ಹೋಗುತ್ತಿದ್ದಳು. ಮೆಲ್ಲಗೆ ಕೇಳಿದ.

"ಹಾಜರಿ ಬಾಯಿಪಾಠ ಇದ್ಯಾ ಟೀಚರ್?"

"ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ."

"ಹಾಗಿದ್ರೆ ಮೇಜಿನ ಕೆಳಗಿಂದ ಕೂಗಿ. ಮಕ್ಕಳಿಗೆ ನೀವು ಕಾಣಿಸ್ಬೇಕು ಅಂತೇನಿಲ್ಲ, ಕೇಳಿಸಿದ್ರೆ ಸಾಕು. ಅವರೂ ನಿಮಗೆ ಕೇಳಿಸ್ತಾರೆ."

ಖಾಲಿ ಕ್ಲಾಸಿನಲ್ಲಿ ಆವತ್ತೇ ಶುರು ಮಾಡಿದರು. ಅವಳು ತನ್ನ ಮೇಜಿನ ಕೆಳಗೆ ಕಣ್ಣು ಮುಚ್ಚಿ ಕೂತಳು. ಅವನು ಕಡೆಯ ಸಾಲಿನ ಪುಟ್ಟ ಡೆಸ್ಕಿನ ಕೆಳಗೆ ಮಂಡಿಯನ್ನು ಗದ್ದಕ್ಕೆ ಒತ್ತಿಕೊಂಡು ತುರುಕಿಕೊಂಡ.

"ಒಂದು?" ಎಂದು ಅವಳು ಕೂಗಿದಳು.

"ಪ್ರೆಸೆಂಟ್ ಟೀಚರ್!"

"ಎರಡು?"

"ಪ್ರೆಸೆಂಟ್ ಟೀಚರ್." ಈ ಸಲ ಕೀರಲು ದನಿ. ಮೂರಕ್ಕೆ ಮೂಗಿನಿಂದ, ನಾಲ್ಕಕ್ಕೆ ತೂಕಡಿಸುವ ದನಿಯಲ್ಲಿ. ಹನ್ನೊಂದಕ್ಕೆ ಬರುವ ಹೊತ್ತಿಗೆ ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣು ಬಿಟ್ಟಳು. ಸಾಲು ಸಾಲು ಡೆಸ್ಕಿನ ಕಾಲುಗಳ ನಡುವೆ, ಅಷ್ಟು ದೂರದಲ್ಲಿ, ನೆಲಕ್ಕೆ ಕೆನ್ನೆ ತಾಗಿಸಿಕೊಂಡು ಅವನು ಅವಳನ್ನೇ ನೋಡುತ್ತಿದ್ದ. ಈ ಸಲ ನೋಡಿಲ್ಲವೆಂದು ನಟಿಸಲಿಲ್ಲ. ಅವಳೇ ಮೊದಲು ದೃಷ್ಟಿ ತಪ್ಪಿಸಿದಳು.

"ಹನ್ನೆರಡು?" ಎಂದಳು ಮೆಲ್ಲಗೆ.

"ಇದ್ದೀನಿ" ಎಂದ ಅವನು, ತನ್ನದೇ ದನಿಯಲ್ಲಿ.

ಮಾರನೇ ದಿನದಿಂದ ಮಕ್ಕಳ ಜೊತೆ ಅಭ್ಯಾಸ. ಅವನು ಪ್ರತಿ ಕೋಣೆಯ ಕಪಾಟನ್ನೂ ಗೋಡೆಗೆ ಬಿಗಿಸಲು ದಿನಾ ಬರುತ್ತಿದ್ದ. ನಾಲ್ಕನೇ ಕೋಣೆಯ ಒಂದೇ ಕಪಾಟಿಗೆ ಮೂರು ದಿನ ಹಿಡಿಯಿತು. ಸ್ಟಾಫ್ ರೂಮಿನವರು ಆಡಿಕೊಳ್ಳಲು ಅಷ್ಟು ಸಾಕಾಯಿತು.

"ವಿಷಲ್ ಅಂಕಲ್ ನಂಬರ್ ಎಷ್ಟು ಟೀಚರ್?" ಪ್ರಶ್ನೆಪತ್ರಿಕೆ ಕೇಳಿದಳು.

"ಅವರು ನಮ್ಮ ಕ್ಲಾಸಲ್ಲ ಕಣೇ."

"ಮತ್ತೆ ದಿನಾ ಬರ್ತಾರಲ್ಲ?"

ಟೀಚರ್ ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೇ ಒರೆಸಿ ಮತ್ತೆ ಬರೆದಳು.

ಮೂರನೇ ಡ್ರಿಲ್‌ಗೆ ಇನ್ನೂ ಎರಡು ದಿನ ಇತ್ತು. ಬೆಳಗಿನ ಮೂರನೇ ಪೀರಿಯಡ್, ಕಳೆಯುವ ಲೆಕ್ಕ. ಅವನು ಪಕ್ಕದ ಸ್ಟೋರ್ ರೂಮಿನಲ್ಲಿ ಗೋಡೆ ಕೊರೆಯುತ್ತಿದ್ದ ಸದ್ದು ಕೇಳುತ್ತಿತ್ತು. ಇದ್ದಕ್ಕಿದ್ದ ಹಾಗೆ ಕಿಟಕಿಗಳು ಗಡಗಡ ಎಂದವು. ಮೇಜಿನ ಮೇಲಿದ್ದ ಡಸ್ಟರ್ ತಾನಾಗಿ ಜಾರಿ ಕೆಳಗೆ ಬಿತ್ತು. ಫ್ಯಾನು ಓಲಾಡತೊಡಗಿತು. ಯಾರೂ ವಿಷಲ್ ಊದಿರಲಿಲ್ಲ.

"ಬಗ್ಗಿ! ಕೆಳಗೆ!"

ಮೂವತ್ಮೂರು ತಲೆ ಮಾಯವಾದವು. ಪ್ರಶ್ನೆಪತ್ರಿಕೆ ಒಬ್ಬಳು ನಿಂತು ಇವಳ ಮುಖವನ್ನೇ ನೋಡುತ್ತಿದ್ದಳು. ಮರಗಟ್ಟುತ್ತಿದ್ದ ಕಾಲು ಆ ನೋಟಕ್ಕೆ ಬಗ್ಗಿತು. ಅವಳು ಮೇಜಿನ ಕೆಳಗೆ ಬಿದ್ದಳೆಂದೇ ಹೇಳಬೇಕು. ಎರಡು ಜಡೆಯೂ ಆ ಕ್ಷಣವೇ ಡೆಸ್ಕಿನ ಕೆಳಗಾಯಿತು.

"ಒಂದು!"

"ಪ್ರೆಸೆಂಟ್ ಟೀಚರ್!"

ಸುಣ್ಣದ ಪುಡಿ ಉದುರುತ್ತಿತ್ತು. ಯಾರೋ ಅಳುತ್ತಿದ್ದರು, ಅಳುತ್ತಲೇ ಪ್ರೆಸೆಂಟ್ ಎನ್ನುತ್ತಿದ್ದರು. ಹದಿನೇಳಕ್ಕೆ ಬಂದಾಗ ಪಕ್ಕದ ಸ್ಟೋರ್ ರೂಮಿನಲ್ಲಿ ದಢಾರೆಂದು ಏನೋ ಉರುಳಿತು. ಕಬ್ಬಿಣದ ಕಪಾಟು! ಇನ್ನೂ ಗೋಡೆಗೆ ಬಿಗಿಸಿರಲಿಲ್ಲ.

ಅವಳ ಜೀವವೆಲ್ಲ ಬಾಗಿಲ ಕಡೆ ಎಳೆಯಿತು. ಅಕ್ಕ ಹೇಗೆ ಓಡಿದಳೆಂದು ಅವಳಿಗೆ ಈಗ ಅರ್ಥವಾಯಿತು. ಓಡದಿರುವುದೇ ಕಷ್ಟ, ದೇವರೇ. ಮೇಜಿನ ಕಾಲನ್ನು ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದು, "ಹದಿನೆಂಟು" ಎಂದಳು.

ಮೂವತ್ನಾಲ್ಕಕ್ಕೂ ಉತ್ತರ ಬಂತು. ಅವಳು ಉಸಿರೆಳೆದುಕೊಂಡಳು.

"ಮೂವತ್ತೈದು?"

ಉತ್ತರವಿಲ್ಲ.

"ಮೂವತ್ತೈದು!" ಗಂಟಲು ಹರಿಯುವ ಹಾಗೆ ಕೂಗಿದಳು. ಇಪ್ಪತ್ತು ವರ್ಷದ ಹಿಂದೆ ಹೊರಡದ ದನಿಯೂ ಅದರಲ್ಲಿತ್ತು.

"ಅಂಕಲ್, ನಿಮ್ಮನ್ನೇ ಕರೀತಿರೋದು!" ಪ್ರಶ್ನೆಪತ್ರಿಕೆ ಡೆಸ್ಕಿನ ಕೆಳಗಿಂದ ಚೀರಿದಳು.

ಗೋಡೆಯಾಚೆ ಯಾರೋ ಕೆಮ್ಮಿದರು.

"ಪ್ರೆಸೆಂಟ್... ಪ್ರೆಸೆಂಟ್ ಟೀಚರ್."

ನೆಲ ಅಲುಗಾಡುವುದು ನಿಂತ ಮೇಲೆ ಮಕ್ಕಳು ಬ್ಯಾಗನ್ನು ತಲೆಯ ಮೇಲೆ ಹೊತ್ತು, ಸಾಲು ಮುರಿಯದೆ ಮೈದಾನಕ್ಕೆ ನಡೆದರು. ಶಾಲೆಯಲ್ಲಿ ಯಾರಿಗೂ ಗಾಯವಾಗಿರಲಿಲ್ಲ. ಅವನು ಕಡೆಯಲ್ಲಿ ಬಂದ, ತಲೆಯಿಂದ ಕಾಲಿನವರೆಗೆ ಬೆಳ್ಳಗೆ. ಅವಳು ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ಮೊದಲ್ನೇ ಸಲ ಯಾಕೆ ಉತ್ತರ ಕೊಡ್ಲಿಲ್ಲ? ಜೀವ ಬಾಯಿಗೆ ಬಂದಿತ್ತು ನನಗೆ!"

"ಮೇಜಿನ ಕೆಳಗಿದ್ದೆ. ಕೇಳಿಸ್ತು" ಎಂದ ಅವನು. "ನಿಮ್ಮ ಕ್ಲಾಸಲ್ಲಿ ಮೂವತ್ನಾಲ್ಕೇ ಜನ ಅಲ್ವಾ. ಯಾರಪ್ಪಾ ಇದು ಹೊಸ ಅಡ್ಮಿಷನ್ನು ಅಂತ ಯೋಚಿಸ್ತಿದ್ದೆ."

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಮೂವತ್ನಾಲ್ಕು ಜೊತೆ ಕಣ್ಣುಗಳೆದುರೇ ಅವನ ಹುಬ್ಬಿನ ಮೇಲಿದ್ದ ಸುಣ್ಣವನ್ನು ಒರೆಸಿದಳು. ಅವನು ಆ ಕೈಯನ್ನು ಹಿಡಿದುಕೊಂಡ, ಮತ್ತೆ ಬಿಡಲಿಲ್ಲ.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು.

"ಎಲ್ಲಿದ್ದೀಯಾ?" ಅಮ್ಮನ ದನಿ ಒಡೆದಿತ್ತು. "ಎಲ್ಲಿದ್ದೆ ನೀನು?"

"ಮೇಜಿನ ಕೆಳಗಿದ್ದೆ ಅಮ್ಮ." ಹೇಳಿ ಅವಳು ಕಣ್ಣು ಮುಚ್ಚಿದಳು.

"ಒಳ್ಳೇದು ಮಾಡ್ದೆ ಮಗಳೇ. ಆವತ್ತೂ ಒಳ್ಳೇದೇ ಮಾಡಿದ್ದೆ. ನೀನೊಬ್ಬಳಾದ್ರೂ ಉಳಿದ್ಯಲ್ಲ ಅಂತಾನೇ ನಾನು ಇಷ್ಟು ವರ್ಷ ಬದುಕಿರೋದು. ಬಾಯಿಬಿಟ್ಟು ಹೇಳಬೇಕಿತ್ತು ಕಣೇ, ಹೇಳಕ್ಕಾಗ್ಲಿಲ್ಲ."

ಅವಳು ಮೈದಾನದ ಮಣ್ಣಿನಲ್ಲಿ ಕೂತೇಬಿಟ್ಟಳು. ಅವನೂ ಪಕ್ಕದಲ್ಲಿ ಕೂತ.

"ಒಬ್ಬಳೇ ಇದ್ದೀಯೇನೇ? ಜೊತೆಗೆ ಯಾರಾದ್ರೂ ಇದ್ದಾರಾ?"

"ಇದ್ದಾರಮ್ಮ" ಎಂದಳು ಅವಳು, ಹಿಡಿದ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಸಂಜೆ ಮನೆಗೆ ಕರ್ಕೊಂಡು ಬರ್ತೀನಿ."